ನ್ಯೂಝಿಲ್ಯಾಂಡ್‌ನಲ್ಲಿ ಮೋಟಾರ್‌ಹೋಮ್: ಮೊದಲ ರಾತ್ರಿ ಏರ್‌ಪೋರ್ಟ್ ಪಕ್ಕದ ಹಾಲಿಡೇ ಪಾರ್ಕಿನಲ್ಲೇ ಯಾಕೆ?

ಮನೆಯವರೆಲ್ಲ ಒಟ್ಟಿಗೆ ನ್ಯೂಝಿಲ್ಯಾಂಡಿಗೆ ಹೋಗುವ ಯೋಚನೆ ಇರುವವರು ಇತ್ತೀಚೆಗೆ ನನ್ನಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ: ‘ಆ ಮನೆಯಂಥ ಗಾಡಿ ಬಾಡಿಗೆಗೆ ಪಡೆದು ತಿರುಗಿದರೆ ಹೋಟೆಲ್ ಖರ್ಚು ಉಳಿಯುತ್ತದಾ?’ ಉಳಿಯುತ್ತದೆ, ಆದರೆ ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿಯನ್ನು ಸರಿಯಾಗಿ ಲೆಕ್ಕ ಹಾಕಿದವರಿಗೆ ಮಾತ್ರ. ಹೆಚ್ಚಿನವರು ಎಡವುವುದು ಅಲ್ಲೇ. ನಾನೂ ಎಡವಿದ್ದೇನೆ.

ಮೋಟಾರ್‌ಹೋಮ್ ಎಂದರೆ ಹಾಸಿಗೆ, ಒಲೆ, ಫ್ರಿಜ್, ಶೌಚಾಲಯ ಎಲ್ಲ ಇರುವ ವಾಹನ. 2021ರಲ್ಲಿ ಕೇರಳ ಸರಕಾರ ‘ಕೆರವಾನ್ ಕೇರಳ’ ಎಂದು ಶುರು ಮಾಡಿತಲ್ಲ, ಅದೇ ಜಾತಿ. ವ್ಯತ್ಯಾಸ ಇಷ್ಟೇ, ಅಲ್ಲಿ ಡ್ರೈವರ್ ಬರುವುದಿಲ್ಲ, ನಾವೇ ಓಡಿಸಬೇಕು. ನಮ್ಮ ಹಾಗೆ ಅಲ್ಲಿಯೂ ಎಡಬದಿಯ ಸಂಚಾರ. ಇಂಗ್ಲಿಷ್‌ನಲ್ಲಿರುವ ನಮ್ಮ ಲೈಸೆನ್ಸ್ ನಡೆಯುತ್ತದೆ. ಅದೇ ಧೈರ್ಯದಲ್ಲಿ ಜನ ವಿಮಾನದಿಂದ ಇಳಿದು ನೇರ ಸ್ಟೇರಿಂಗ್ ಹಿಡಿಯುತ್ತಾರೆ.

ಇದು ಅಪಾಯದ ಕೆಲಸ. ಮಂಗಳೂರಿನಿಂದ ದುಬೈ, ದುಬೈಯಿಂದ ಸಿಡ್ನಿಗೆ ಸುಮಾರು 14 ಗಂಟೆ, ಅಲ್ಲಿಂದ ಕ್ರೈಸ್ಟ್‌ಚರ್ಚ್‌ಗೆ ಮತ್ತೆ ಮೂರು ಗಂಟೆ. (ಸಿಡ್ನಿಯಲ್ಲಿ ವಿಮಾನ ಬದಲಾಯಿಸದಿದ್ದರೂ ಭಾರತದ ಪಾಸ್‌ಪೋರ್ಟಿಗೆ ಆಸ್ಟ್ರೇಲಿಯಾದ ಟ್ರಾನ್ಸಿಟ್ ವೀಸಾ ಬೇಕು, ಮರೆಯಬೇಡಿ.) ಅಲ್ಲಿನ ಬೇಸಿಗೆಯಲ್ಲಿ ಗಡಿಯಾರ ನಮಗಿಂತ ಏಳೂವರೆ ಗಂಟೆ ಮುಂದೆ. ಅಲ್ಲಿ ಬೆಳಗ್ಗೆ 9 ಗಂಟೆಯೆಂದರೆ ನಮ್ಮ ದೇಹಕ್ಕೆ ನಡುರಾತ್ರಿ ಕಳೆದು ಒಂದೂವರೆ. ಆ ಹೊತ್ತಿನಲ್ಲಿ ಮೂರು ಮೀಟರಿಗೂ ಹೆಚ್ಚು ಎತ್ತರದ, ಗಾಳಿಗೆ ತೂಗುವ ಗಾಡಿಯನ್ನು ಗುರುತಿಲ್ಲದ ರಸ್ತೆಯಲ್ಲಿ ಓಡಿಸುವುದು, ಹಿಂದೆ ಉಮ್ಮ, ಹೆಂಡತಿ, ಮಕ್ಕಳು. ಬೇಡ.

ಎರಡನೆಯ ಕಾರಣ ಬಾಡಿಗೆ ಕಂಪೆನಿಗಳ ಸಮಯ. ಅವರ ಕಚೇರಿಗಳು ಸಾಮಾನ್ಯವಾಗಿ ಹಗಲು ಮಾತ್ರ ತೆರೆದಿರುತ್ತವೆ, ಸಂಜೆ ನಾಲ್ಕೈದಕ್ಕೆಲ್ಲ ಮುಚ್ಚುತ್ತವೆ. ವಿಮಾನ ರಾತ್ರಿ ಇಳಿದರೆ ಗಾಡಿ ಸಿಗುವುದು ಮರುದಿನ. ವಾಪಸ್ ಕೊಡುವಾಗಲೂ ಅಷ್ಟೇ. ನಸುಕಿನ ವಿಮಾನವಾದರೆ ಹಿಂದಿನ ದಿನವೇ ಗಾಡಿ ಒಪ್ಪಿಸಿರಬೇಕು. ನಡುವಿನ ಆ ರಾತ್ರಿ ಎಲ್ಲಿ?

ಇಲ್ಲಿ ಹಾಲಿಡೇ ಪಾರ್ಕ್ ಕೆಲಸಕ್ಕೆ ಬರುತ್ತದೆ. ಹೆಸರು ಕೇಳಿ ಜಾರುಬಂಡೆ, ತೊಟ್ಟಿಲು ಇರುವ ಜಾಗ ಎಂದುಕೊಳ್ಳಬೇಡಿ. ದೊಡ್ಡ ಹುಲ್ಲಿನ ಆವರಣ, ಗಾಡಿ ನಿಲ್ಲಿಸಲು ಗುರುತು ಮಾಡಿದ ಜಾಗಗಳು, ಪ್ರತಿ ಜಾಗಕ್ಕೂ ಕರೆಂಟಿನ ಕಂಬ, ಸ್ನಾನಗೃಹ, ಎಲ್ಲರಿಗೂ ಒಂದು ಅಡುಗೆಮನೆ, ಬಟ್ಟೆ ಒಗೆಯುವ ಮೆಷಿನ್. ಜೊತೆಗೆ ಗಾಡಿ ಇಲ್ಲದವರಿಗೂ ಸಿಗುವ ಚಿಕ್ಕ ಕ್ಯಾಬಿನ್‌ಗಳು. ಕ್ರೈಸ್ಟ್‌ಚರ್ಚ್‌ನ ಏರ್‌ಪೋರ್ಟ್ ಇರುವುದು ನಗರದ ವಾಯುವ್ಯದ ಹೇರ್‌ವುಡ್‌ನಲ್ಲಿ. ಬಾಡಿಗೆ ಕಂಪೆನಿಗಳ ಡಿಪೋಗಳೂ, ಇಂಥ ಪಾರ್ಕ್‌ಗಳೂ ಆ ಸುತ್ತಮುತ್ತ ಸಿಗುತ್ತವೆ.

ನನ್ನ ಸಲಹೆ: ಇಳಿದ ದಿನ ಪಾರ್ಕಿನ ಕ್ಯಾಬಿನ್‌ನಲ್ಲಿ ನಿದ್ದೆ ಮಾಡಿ. ಮರುದಿನ ಗಾಡಿ ಪಡೆದು ದೂರ ಹೋಗದೆ, ಅದೇ ಪಾರ್ಕಿಗೆ ಮರಳಿ ಬನ್ನಿ. ಆ ರಾತ್ರಿ ಕರೆಂಟ್ ಇರುವ ಜಾಗದಲ್ಲಿ ನಿಲ್ಲಿಸಿ ಗಾಡಿಯನ್ನು ಕಲಿಯಿರಿ. ಹೀಟರ್ ಹೊತ್ತದಿದ್ದರೆ, ನೀರಿನ ಪಂಪ್ ಕೈಕೊಟ್ಟರೆ ಡಿಪೋ ಹತ್ತಿರದಲ್ಲೇ ಇರುತ್ತದೆ. ಇನ್ನೂರು ಕಿಲೋಮೀಟರ್ ಆಚೆ ಟೆಕಾಪೋ ಸರೋವರದ ಚಳಿಯಲ್ಲಿ ಅದು ಗೊತ್ತಾದರೆ ಏನು ಮಾಡುವುದು? ರಾತ್ರಿ ತಡವಾಗಿ ಬರುವುದಾದರೆ ಮೊದಲೇ ಫೋನ್ ಮಾಡಿ. ಗೇಟಿನ ಕೋಡ್, ಜಾಗದ ನಂಬರ್ ಬರೆದ ಲಕೋಟೆಯನ್ನು ಆಫೀಸಿನ ಹೊರಗೆ ಇಟ್ಟಿರುತ್ತಾರೆ. ಹತ್ತು ಗಂಟೆಯ ನಂತರ ಗಲಾಟೆ ಇಲ್ಲ. ವಿಮಾನದ ಸದ್ದು ಮಾತ್ರ ಇರುತ್ತದೆ, ಆ ಏರ್‌ಪೋರ್ಟಿಗೆ ರಾತ್ರಿ ನಿರ್ಬಂಧವಿಲ್ಲ. ಅಂಟಾರ್ಕ್ಟಿಕಾಕ್ಕೆ ಹೋಗುವ ಅಮೆರಿಕದ ವಿಮಾನಗಳು ಹೊರಡುವುದೂ ಅಲ್ಲಿಂದಲೇ, ಮಕ್ಕಳಿಗೆ ಅದೇ ಒಂದು ತಮಾಷೆ.

ಕರೆಂಟಿನ ವಯರ್ ನೀಲಿ ಬಣ್ಣದ ದಪ್ಪ ಪ್ಲಗ್ಗಿನದ್ದು. ಸುರುಳಿ ಪೂರ್ತಿ ಬಿಚ್ಚಿ, ಇಲ್ಲದಿದ್ದರೆ ಬಿಸಿಯಾಗುತ್ತದೆ. ಮೊದಲು ಗಾಡಿಗೆ, ಆಮೇಲೆ ಕಂಬಕ್ಕೆ, ಕಳಚುವಾಗ ಉಲ್ಟಾ. ಕರೆಂಟ್ ಇಲ್ಲದಿದ್ದರೆ ಗಾಡಿಯ ಬ್ಯಾಟರಿಯಲ್ಲಿ ದೀಪ, ಪಂಪ್ ನಡೆದೀತು, ಮೈಕ್ರೋವೇವ್, ಕೆಟಲ್ ನಡೆಯುವುದಿಲ್ಲ.

ಇನ್ನು ನಮ್ಮವರಿಗೆ ಮುಖ್ಯವಾದ ವಿಷಯ ನೀರು. ಗಾಡಿಯಲ್ಲಿ ಮೂರು ಲೆಕ್ಕ: ಶುದ್ಧ ನೀರಿನ ಟ್ಯಾಂಕ್, ಸಿಂಕ್ ಮತ್ತು ಸ್ನಾನದ ಕೊಳೆ ನೀರಿನ ಟ್ಯಾಂಕ್, ಶೌಚಾಲಯದ ಕೆಳಗಿನ ಕ್ಯಾಸೆಟ್. ಒಂದು ವುಝೂಗೆ ಒಂದೂವರೆ ಲೀಟರ್ ಎಂದರೂ ನಾಲ್ಕು ಜನ, ಐದು ಹೊತ್ತು, ದಿನಕ್ಕೆ 30 ಲೀಟರ್ ಆಯಿತು. ಅಷ್ಟೇ ನೀರು ಕೊಳೆ ಟ್ಯಾಂಕಿಗೂ ಹೋಗುತ್ತದೆ. ಕ್ಯಾಸೆಟ್ ಹಿಡಿಯುವುದು ಸುಮಾರು 20 ಲೀಟರ್ ಅಷ್ಟೇ, ಅದು ನೀರು ಬಳಸದವರ ಲೆಕ್ಕಕ್ಕೆ ಮಾಡಿದ್ದು. ನಾವು ಬಾಟಲಿಯಲ್ಲಿ ನೀರು ಬಳಸಿದರೆ ಒಂದೇ ದಿನದಲ್ಲಿ ತುಂಬುತ್ತದೆ. ಪಾರ್ಕಿನಲ್ಲಿರುವಾಗ ಅಲ್ಲಿನ ಶೌಚಾಲಯ, ವುಝೂಗೆ ಅಲ್ಲಿನ ಬೇಸಿನ್ ಬಳಸಿ, ಗಾಡಿಯದ್ದನ್ನು ದಾರಿಗೆ ಉಳಿಸಿಕೊಳ್ಳಿ. ಕೊಳೆ ಖಾಲಿ ಮಾಡಲು ಡಂಪ್ ಸ್ಟೇಶನ್ ಇರುತ್ತದೆ. ಅಲ್ಲಿ ಕ್ಯಾಸೆಟ್ ತೊಳೆಯುವ ನಲ್ಲಿಯೇ ಬೇರೆ, ಕುಡಿಯುವ ನೀರಿನದ್ದೇ ಬೇರೆ. ಬೋರ್ಡ್ ಓದದೆ ಪೈಪ್ ಹಿಡಿಯಬೇಡಿ.

ಎಲ್ಲರಿಗೂ ಒಂದೇ ಅಡುಗೆಮನೆಯಾದ ಕಾರಣ ಆ ಬಾಣಲೆಯಲ್ಲಿ ಹಂದಿಮಾಂಸವೂ ಬೆಂದಿರಬಹುದು. ಒಂದು ಬಾಣಲೆ, ಒಂದು ಪಾತ್ರೆ ಊರಿಂದಲೇ ಒಯ್ಯಿರಿ. ಜೇನುತುಪ್ಪ ಮಾತ್ರ ಬೇಡವೇ ಬೇಡ, ಅದು ನಿಷಿದ್ಧ. ಉಪ್ಪಿನಕಾಯಿ, ಒಣಮೀನು ಏನಿದ್ದರೂ ಏರ್‌ಪೋರ್ಟಿನ ಫಾರ್ಮ್‌ನಲ್ಲಿ ತೋರಿಸಿ. ಬಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ.

ಕಿಬ್ಲಾ ವಿಷಯದಲ್ಲಿ ನಾನು ಬೇಸ್ತು ಬಿದ್ದೆ. ಕಾಸರಗೋಡಿನಲ್ಲಿ ನಮ್ಮ ಕಿಬ್ಲಾ ಪಶ್ಚಿಮಕ್ಕಿಂತ ಸುಮಾರು 20 ಡಿಗ್ರಿ ಉತ್ತರಕ್ಕೆ. ಮ್ಯಾಪ್ ನೋಡಿದರೆ ನ್ಯೂಝಿಲ್ಯಾಂಡಿನಿಂದ ಮಕ್ಕಾ ವಾಯುವ್ಯಕ್ಕೆ ಕಾಣುತ್ತದೆ. ಆದರೆ ಭೂಮಿ ಗೋಳವಾದ ಕಾರಣ ಕ್ರೈಸ್ಟ್‌ಚರ್ಚ್‌ನಿಂದ ಹತ್ತಿರದ ದಾರಿ ಪಶ್ಚಿಮಕ್ಕಿಂತ ಸುಮಾರು 14 ಡಿಗ್ರಿ ದಕ್ಷಿಣಕ್ಕೆ ಬೀಳುತ್ತದೆ. ಇನ್ನೊಂದು ತೊಡಕು, ಅಲ್ಲಿ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರಕ್ಕಿಂತ 20 ಡಿಗ್ರಿಗೂ ಹೆಚ್ಚು ಪೂರ್ವಕ್ಕೆ ತಿರುಗಿರುತ್ತದೆ. ಮುಸಲ್ಲದ ಜೊತೆ ಬರುವ ಅಗ್ಗದ ದಿಕ್ಸೂಚಿ ನಂಬಬೇಡಿ. ಫೋನಿನಲ್ಲಿ ‘ನಿಜ ಉತ್ತರ’ ಆಯ್ಕೆ ಮಾಡಿ ನೋಡಿ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ನಂತರ, ಇಶಾ ತುಂಬ ತಡ. ಪ್ರಯಾಣದಲ್ಲಿ ಜಮ್ಅ್, ಖಸ್ರ್ ಬಗ್ಗೆ ಹೊರಡುವ ಮುಂಚೆ ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ.

ಜುಮಾ ಸಿಕ್ಕಿದರೆ ಡೀನ್ಸ್ ಅವೆನ್ಯೂದ ಅನ್ನೂರ್ ಮಸೀದಿಗೆ ಹೋಗಿ. 2019ರ ಮಾರ್ಚ್ 15ರ ಶುಕ್ರವಾರ ಅಲ್ಲಿ ಮತ್ತು ಲಿನ್‌ವುಡ್‌ನಲ್ಲಿ ಗುಂಡಿಗೆ ಬಲಿಯಾದದ್ದು 51 ಮಂದಿ, ಅವರಲ್ಲಿ ಭಾರತೀಯರೂ ಇದ್ದರು. ಎದುರಿನ ಹ್ಯಾಗ್ಲಿ ಪಾರ್ಕ್ ನೋಡುತ್ತಾ ಉಮ್ಮ ಬಹಳ ಹೊತ್ತು ಮಾತಾಡಲಿಲ್ಲ.

ದುಡ್ಡಿನ ಮಾತು. ಗಾಡಿ ಕೊಡುವಾಗ ಕ್ರೆಡಿಟ್ ಕಾರ್ಡಿನಲ್ಲಿ ಸಾವಿರಗಟ್ಟಲೆ ಡಾಲರ್ ಠೇವಣಿ ಹಿಡಿಯುತ್ತಾರೆ. ಇದರಲ್ಲಿ ಎರಡು ವಿಧ. ಒಂದು, ಮೊತ್ತವನ್ನು ತಡೆಹಿಡಿದು ಬಿಡುವುದು. ಇನ್ನೊಂದು, ನಿಜವಾಗಿ ವಸೂಲು ಮಾಡಿ ಆಮೇಲೆ ಮರಳಿಸುವುದು. ಎರಡನೆಯದರಲ್ಲಿ ಹೋದದ್ದೊಂದು ರೇಟು, ಬಂದದ್ದೊಂದು ರೇಟು, ಮೇಲೆ ನಮ್ಮ ಬ್ಯಾಂಕಿನ ವಿದೇಶಿ ಕರೆನ್ಸಿ ಶುಲ್ಕ, ಅದರ ಮೇಲೆ ಜಿಎಸ್‌ಟಿ. ಗಾಡಿಗೆ ಒಂದು ಗೀರೂ ಆಗದೆ ನನಗೆ ಹೀಗೆ ನಷ್ಟವಾಯಿತು. ಬಿಕಾಂ ಓದಿ ದಿನಾ ಲೆಕ್ಕ ಬರೆಯುವವನು ನಾನು! ಬುಕಿಂಗ್ ಮುಂಚೆ ‘ತಡೆಹಿಡಿಯುತ್ತೀರಾ, ವಸೂಲು ಮಾಡುತ್ತೀರಾ’ ಎಂದು ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಡೀಸೆಲ್ ಗಾಡಿಯಾದರೆ ಕಿಲೋಮೀಟರ್ ಲೆಕ್ಕದ ರಸ್ತೆ ತೆರಿಗೆ ಬೇರೆ ಉಂಟು, ವಾಪಸ್ ಕೊಡುವಾಗ ಕೇಳುತ್ತಾರೆ. ಪಾರ್ಕಿನ ದರವೂ ಹೆಚ್ಚಾಗಿ ತಲೆಲೆಕ್ಕ, ಗಾಡಿಲೆಕ್ಕ ಅಲ್ಲ.

ಕೊನೆಯ ರಾತ್ರಿಗೂ ಏರ್‌ಪೋರ್ಟ್ ಹತ್ತಿರದ ಪಾರ್ಕೇ ಸರಿ. ಕ್ಯಾಸೆಟ್ ಖಾಲಿ ಮಾಡದೆ ಕೊಟ್ಟರೆ ದಂಡ, ಟ್ಯಾಂಕ್ ತುಂಬಿಸದೆ ಕೊಟ್ಟರೆ ಅವರ ರೇಟಿನಲ್ಲಿ ಡೀಸೆಲ್. ಪಾರ್ಕ್ ಬಿಡುವ ಸಮಯ ಸಾಮಾನ್ಯವಾಗಿ ಬೆಳಗ್ಗೆ 10. ಏಳಕ್ಕೇ ಡಂಪ್ ಸ್ಟೇಶನ್‌ಗೆ ಹೋಗಿ, ಒಂಬತ್ತಕ್ಕೆ ಅಲ್ಲಿ ಕ್ಯೂ ಇರುತ್ತದೆ. ನಸುಕಿನ ವಿಮಾನದವರು ಒಂದು ದಿನ ಮೊದಲೇ ಗಾಡಿ ಒಪ್ಪಿಸಿ ಅದೇ ಪಾರ್ಕಿನ ಕ್ಯಾಬಿನ್‌ಗೆ ಬನ್ನಿ, ಟ್ಯಾಕ್ಸಿಯನ್ನು ಹಿಂದಿನ ಸಂಜೆಯೇ ಹೇಳಿಟ್ಟುಕೊಳ್ಳಿ. ಗಾಡಿ ಒಪ್ಪಿಸುವಾಗ ನಾಲ್ಕೂ ಬದಿ, ಮಾಡು, ಮೀಟರ್, ಡೀಸೆಲ್ ಮುಳ್ಳು ಎಲ್ಲದರ ವೀಡಿಯೊ ತೆಗೆದಿಡಿ, ಠೇವಣಿ ಪೂರ್ತಿ ಮರಳುವ ತನಕ ಫೋನಿನಿಂದ ಅಳಿಸಬೇಡಿ.