ಹಿಂದೆ ಕೂತವರು ಎತ್ತಿಕೊಡುವ ಸಾಲು

ಕವಿ ದ್ವಿಪದಿಯ ಮೊದಲ ಸಾಲು ಓದಿ ನಿಲ್ಲುತ್ತಾನೆ. ಅವನ ಬೆನ್ನ ಹಿಂದೆ, ಬಿಳಿ ಹಾಸಿನ ಮೇಲೆ ಲೋಡಿಗೆ ಒರಗಿ ಕೂತ ಉಳಿದ ಕವಿಗಳು ಅದೇ ಸಾಲನ್ನೋ ಅದರ ಕೊನೆಯ ತುಣುಕನ್ನೋ ತಾವೂ ಗಟ್ಟಿಯಾಗಿ ಹೇಳುತ್ತಾರೆ. ಕವಿ ಮತ್ತೊಮ್ಮೆ ಓದುತ್ತಾನೆ. ಅಷ್ಟರಲ್ಲಿ ಸಭೆಯ ಕಿವಿಯೆಲ್ಲ ಎರಡನೆಯ ಸಾಲಿನ ಮೇಲೆ ನೆಟ್ಟಿರುತ್ತದೆ. ಉರ್ದು ಕವಿಗೋಷ್ಠಿಯಾದ ಮುಶಾಯರದವರು ಇದಕ್ಕೆ ‘ಮಿಸ್ರಾ ಉಠಾನಾ’ ಎನ್ನುತ್ತಾರೆ. ತನ್ನ ಸರದಿಗಾಗಿ ಕಾಯುತ್ತಿರುವ ಕವಿ, ಈಗ ಓದುತ್ತಿರುವವನ ಸಾಲನ್ನು ತನ್ನ ದನಿ ಸೇರಿಸಿ ಎತ್ತಿಕೊಡುವ ಪದ್ಧತಿ ಇದು. ದೆಹಲಿಯಲ್ಲಿ ನೆಲೆಸಿರುವ ಕನ್ನಡತಿಯಾಗಿ ನಾನು ಈ ಊರಿನಿಂದ ನಮ್ಮ ಕವಿಗೋಷ್ಠಿಗಳಿಗೆ ಏನಾದರೂ ಒಯ್ಯಬೇಕೆಂದರೆ ಮೊದಲು ಒಯ್ಯುವುದು ಇದನ್ನೇ.

ನಮ್ಮ ಜನಕಪುರಿ ಕಾವ್ಯಕ್ಕೆ ಹೆಸರಾದ ಜಾಗವೇನೂ ಅಲ್ಲ. ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಫ್ಲ್ಯಾಟುಗಳು, ಬ್ಲಾಕಿಗೊಂದು ಪಾರ್ಕು, ಡಿಸ್ಟ್ರಿಕ್ಟ್ ಸೆಂಟರಿನ ಅಂಗಡಿಗಳು, ಮೆಟ್ರೊ ನಿಲ್ದಾಣಗಳು. ಆದರೆ ಪಕ್ಕದಲ್ಲೇ ತಿಲಕ್ ನಗರವಿದೆ. ದೇಶ ವಿಭಜನೆಯ ಮೇಲೆ ಪಶ್ಚಿಮ ಪಂಜಾಬಿನಿಂದ ಬಂದ ಕುಟುಂಬಗಳು ನೆಲೆಯೂರಿದ ಭಾಗ ಇದು. ಆ ಪೀಳಿಗೆಯವರಲ್ಲಿ ಅನೇಕರು ಶಾಲೆಯಲ್ಲಿ ಕಲಿತದ್ದು ಉರ್ದು ಲಿಪಿಯನ್ನು. ಹಾಗಾಗಿ ಹೋಳಿ ಹೊತ್ತಿಗೆ ಪಾರ್ಕಿನಲ್ಲಿ ಶಾಮಿಯಾನ ಹಾಕಿ ನಡೆಸುವ ಹಾಸ್ಯ ಕವಿ ಸಮ್ಮೇಳನದಲ್ಲೂ ಮುಂದಿನ ಕುರ್ಚಿಯ ಹಿರಿಯರಿಗೆ ಎಲ್ಲಿ ‘ವಾಹ್’ ಎನ್ನಬೇಕು, ಎಲ್ಲಿ ‘ಮುಕರ್ರರ್’ ಎಂದು ಮರು ಓದು ಕೇಳಬೇಕು ಎಂಬುದು ಚೆನ್ನಾಗಿ ಗೊತ್ತು. 

ಮಿಸ್ರಾ ಎತ್ತುವುದು ಬರಿಯ ಸೌಜನ್ಯವಲ್ಲ, ಗಜಲಿನ ಕಟ್ಟಡಕ್ಕೇ ಅದು ಬೇಕು. ಗಜಲಿನಲ್ಲಿ ಪ್ರತಿ ಶೇರ್‌ಗೂ ಎರಡೇ ಸಾಲು. ಆರಂಭದ ಶೇರ್ ಒಂದರಲ್ಲಿ ಮಾತ್ರ ಎರಡೂ ಸಾಲಿಗೆ ಪ್ರಾಸ. ಆಮೇಲೆ ಕಾಫಿಯಾ ಎಂಬ ಪ್ರಾಸವೂ ರದೀಫ್ ಎಂಬ ಮರುಕಳಿಸುವ ಪದವೂ ಎರಡನೆಯ ಸಾಲಿನ ಕೊನೆಗಷ್ಟೇ ಬರುತ್ತವೆ. ಮೊದಲ ಸಾಲು ಕಟ್ಟಿದ ಗಂಟು ಎರಡನೆಯದರಲ್ಲಿ ಬಿಚ್ಚಿಕೊಳ್ಳಬೇಕು. ಗಂಟು ಸಭೆಯ ಮನಸ್ಸಿನಲ್ಲಿ ಬಿಗಿಯದಿದ್ದರೆ ಬಿಚ್ಚಿದಾಗ ಯಾರಿಗೂ ಏನೂ ಅನಿಸದು. ಆ ಬಿಗಿಯುವ ಕೆಲಸವನ್ನು ಹಿಂದೆ ಕೂತವರು ಮಾಡಿಕೊಡುತ್ತಾರೆ. ಅಷ್ಟರಲ್ಲಿ ಕವಿಗೆ ಒಂದು ಉಸಿರು ಸಿಗುತ್ತದೆ, ದೂರ ಕೂತವರಿಗೂ ಸಾಲು ತಲುಪುತ್ತದೆ. ಮುಖ್ಯವಾಗಿ, ಸಾಲು ಒಳ್ಳೆಯದು ಎಂಬುದಕ್ಕೆ ಬಲ್ಲವರ ಸಾಕ್ಷಿ ದೊರೆಯುತ್ತದೆ. ಅದೃಷ್ಟವಿದ್ದ ದಿನ ಕವಿ ರದೀಫ್ ಮುಟ್ಟುವ ಮೊದಲೇ ಸಭೆ ಅದನ್ನು ಕೂಗಿಬಿಡುತ್ತದೆ.

ಇವರೆಲ್ಲ ಪರಸ್ಪರ ಸ್ಪರ್ಧಿಗಳು ಎಂಬುದನ್ನು ಮರೆಯಬಾರದು. ‘ತರಹೀ’ ಮುಶಾಯರದಲ್ಲಂತೂ ಒಂದು ಸಾಲನ್ನು ಮೊದಲೇ ಕೊಟ್ಟಿರುತ್ತಾರೆ. ಎಲ್ಲರೂ ಅದೇ ಛಂದಸ್ಸು, ಅದೇ ಪ್ರಾಸದಲ್ಲಿ ಬರೆದು ತರಬೇಕು. ನಾನು ಹೊಸೆದ ಪ್ರಾಸವನ್ನೇ ನನಗಿಂತ ಮೊದಲು ಇನ್ನೊಬ್ಬ, ನನಗಿಂತ ಚೆಂದವಾಗಿ ಓದಿಬಿಡಬಹುದು. ಆಗಲೂ ಅವನ ಸಾಲು ಎತ್ತಬೇಕು. ಮೋಮಿನನ ಒಂದೇ ಒಂದು ಶೇರ್‌ಗೆ ತನ್ನ ಇಡೀ ದೀವಾನನ್ನು, ಅಂದರೆ ಕವನಸಂಗ್ರಹವನ್ನು, ಕೊಡಲು ಗಾಲಿಬ್ ಸಿದ್ಧನಿದ್ದನಂತೆ ಎಂಬ ಪ್ರತೀತಿ ದೆಹಲಿಯಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಹರಿಯುತ್ತಿದೆ. ನಡೆದದ್ದು ನಿಜವೋ ಅಲ್ಲವೋ, ಈ ಊರು ಅದನ್ನು ನಂಬಲು ಬಯಸುತ್ತದೆ ಎಂಬುದೇ ನನಗೆ ದೊಡ್ಡದು.

ನಡೆದದ್ದೇ ಬೇಕೆಂದರೆ ಮಜ್ರೂಹ್ ಸುಲ್ತಾನ್‌ಪುರಿಯವರ ಕತೆ ಇದೆ. ಅವರು ಸುಲ್ತಾನ್‌ಪುರದಲ್ಲಿ ಯುನಾನಿ ಹಕೀಮರಾಗಿದ್ದರು. ಊರಿನ ಮುಶಾಯರವೊಂದರಲ್ಲಿ ಓದಿದ ಗಜಲಿಗೆ ಸಿಕ್ಕ ಮೆಚ್ಚುಗೆ ಅವರನ್ನು ವೈದ್ಯದಿಂದ ಕಾವ್ಯದ ಕಡೆಗೆ ಎಳೆಯಿತು. ಕೈಹಿಡಿದವರು ಜಿಗರ್ ಮುರಾದಾಬಾದಿ, ತಮ್ಮ ಗಾನಮಯ ಓದಿನಿಂದ, ಅಂದರೆ ‘ತರನ್ನುಮ್’ನಿಂದ, ಆ ಕಾಲದ ಮುಶಾಯರಗಳನ್ನು ಗೆದ್ದಿದ್ದ ಕವಿ. 1945ರಲ್ಲಿ ಮುಂಬಯಿಯ ಮುಶಾಯರವೊಂದಕ್ಕೆ ಮಜ್ರೂಹ್ ಹೋದರು. ಅಲ್ಲಿ ಅವರ ಓದು ಕೇಳಿದ ಚಿತ್ರ ನಿರ್ಮಾಪಕ ಎ.ಆರ್. ಕಾರ್ದಾರ್ ಸಿನಿಮಾಕ್ಕೆ ಹಾಡು ಬರೆಯಲು ಕೇಳಿದರು. ಮಜ್ರೂಹ್ ಒಪ್ಪಲಿಲ್ಲ, ಸಿನಿಮಾ ಎಂದರೆ ಅವರಿಗೆ ಅಗ್ಗದ ಕೆಲಸ. ಕಾರ್ದಾರ್ ಜಿಗರ್ ಅವರ ಮೊರೆ ಹೋದರು, ಜಿಗರ್ ತಮ್ಮ ಕಿರಿಯ ಗೆಳೆಯನನ್ನು ಒಪ್ಪಿಸಿದರು. ಹಾಗೆ ಬಂದವು 1946ರ ‘ಶಾಹಜಹಾನ್’ ಚಿತ್ರದ ಹಾಡುಗಳು, ನೌಷಾದರ ಸಂಗೀತದಲ್ಲಿ, ಸೈಗಲ್ ಕಂಠದಲ್ಲಿ. ಮುಂದೆ ಅರ್ಧ ಶತಮಾನ ಬರೆದ ಮಜ್ರೂಹ್, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಗೀತಕಾರರಾದರು. ಜಿಗರ್ ವೇದಿಕೆಯ ಮೇಲೆ ಕಲಿತ ನಡತೆಯನ್ನು ವೇದಿಕೆಯಿಂದ ಇಳಿದ ಮೇಲೂ ಬಿಡಲಿಲ್ಲ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಹೊಸಬರನ್ನು ಮುಂದೆ ತರುವ ಇನ್ನೊಬ್ಬನೆಂದರೆ ನಾಜಿಮ್, ನಮ್ಮ ನಿರೂಪಕ. ಕಿರಿಯರು ಮೊದಲು, ಹಿರಿಯರು ಕೊನೆಗೆ ಎಂಬ ಕ್ರಮ ಅವನ ಕೈಯಲ್ಲಿರುತ್ತದೆ. ಭಗವದ್ಗೀತೆಯನ್ನು ಉರ್ದು ಪದ್ಯಕ್ಕೆ ತಂದ ಅನ್ವರ್ ಜಲಾಲ್‌ಪುರಿ ಇಂಥ ನಾಜಿಮ್ ಆಗಿಯೂ ಹೆಸರುವಾಸಿಯಾಗಿದ್ದರು.

ಇಂದಿನ ದೆಹಲಿಯ ತರುಣ ತರುಣಿಯರು ಕೆಫೆಗಳ ಓಪನ್ ಮೈಕ್‌ನಲ್ಲಿ ಓದುತ್ತಾರೆ. ಅದರ ಇನ್ನೊಂದು ಬೇರು ಅಮೆರಿಕದಲ್ಲಿದೆ. ಕಟ್ಟಡ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ ಎಂಬ ಕವಿ 1986ರಲ್ಲಿ ಶಿಕಾಗೊದ ಗ್ರೀನ್ ಮಿಲ್ ಕ್ಲಬ್ಬಿನಲ್ಲಿ ಪೊಯೆಟ್ರಿ ಸ್ಲ್ಯಾಮ್‌ಗೆ ನೆಲೆ ಕಟ್ಟಿದ. ಅಲ್ಲಿ ಕೇಳುಗರೇ ಅಂಕ ಕೊಡುತ್ತಾರೆ. ಓದುವ ಹುಡುಗಿ ಸಾಲು ಮರೆತು ತಡವರಿಸಿದರೆ ಕೂತವರು ಚಿಟಿಕೆ ಹೊಡೆದು, ನಾವಿದ್ದೇವೆ, ನಿಧಾನವಾಗಿ ನೆನಪಿಸಿಕೋ ಎಂದು ತಿಳಿಸುತ್ತಾರೆ. ದೆಹಲಿಯಲ್ಲಿ ಈ ಚಿಟಿಕೆ, ಆ ‘ವಾಹ್’ ಎರಡೂ ಒಂದೇ ಕೋಣೆಯಲ್ಲಿ ಕೇಳಿಬರುತ್ತವೆ.

ಇನ್ನು ನಮ್ಮ ಮಾತು. ಕನ್ನಡಕ್ಕೆ ಇದೆಲ್ಲ ಪರಕೀಯವೇ? ಗೀಗೀ ಪದದಲ್ಲಿ ಮುಂದಿನವನ ಸಾಲಿನ ತುದಿಯನ್ನು ಹಿಮ್ಮೇಳ ಹಿಡಿಯದಿದ್ದರೆ ಪದವೇ ಇಲ್ಲ. ಗಮಕದಲ್ಲಿ ವಾಚಕರು ಷಟ್ಪದಿಯನ್ನು ರಾಗದಲ್ಲಿ ಹಾಡಿ ನಿಲ್ಲಿಸಿದಾಗ ವ್ಯಾಖ್ಯಾನಕಾರರು ಅದನ್ನು ಎತ್ತಿಕೊಂಡು ಬೆಳೆಸುತ್ತಾರೆ. ಶಿವಮೊಗ್ಗದ ಬಳಿ ತುಂಗೆಯ ದಡದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ ಗಮಕಕ್ಕಾಗಿಯೇ 2022ರಲ್ಲಿ ಪದ್ಮಶ್ರೀ ಬಂತು. 1929ರಲ್ಲಿ ಮಾಸ್ತಿ ಅಧ್ಯಕ್ಷರಾಗಿದ್ದ ಬೆಳಗಾವಿ ಸಾಹಿತ್ಯ ಸಮ್ಮೇಳನದಲ್ಲಿ ಕವಿತೆ ಓದಿ ನಾಡಿನ ಗಮನ ಸೆಳೆದ ಬೇಂದ್ರೆಯವರ ಹಿಂದೆಯೂ ಧಾರವಾಡದ ಗೆಳೆಯರ ಗುಂಪು ಇತ್ತು.

ಹೀಗಿದ್ದೂ ನಮ್ಮ ಕವಿಗೋಷ್ಠಿ ಯಾಕೆ ಇಷ್ಟು ಮೌನವಾಗಿದೆ? 1950ರ ದಶಕದ ನವ್ಯದ ನಂತರ ಕವಿತೆ ಕಣ್ಣಿನ ಓದಿಗೆ ಹೆಚ್ಚು ಒಗ್ಗಿತು ಎಂಬುದು ಒಂದು ಕಾರಣ. ಎತ್ತಿಕೊಡಬಲ್ಲಂಥ, ತಾನೇ ಪೂರ್ತಿಯಾದ ಸಾಲು ಅದರಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಕಾರಣ ನಾವು ಕೂರುವ ರೀತಿ ಎಂದು ನನಗೆ ಅನ್ನಿಸುತ್ತದೆ. ಕವಿಗಳು ಮೇಜಿನ ಹಿಂದೆ ಸಾಲಾಗಿ ಕೂರುತ್ತಾರೆ, ಓದುವವರು ಮೂಲೆಯ ಪೋಡಿಯಂನಲ್ಲಿ ನಿಲ್ಲುತ್ತಾರೆ. ಅವರ ಕವಿತೆ ಹೊರಡುವ ಹೊತ್ತಿಗೆ ಉಳಿದವರು ತಮ್ಮ ಹಾಳೆ ತಿದ್ದುತ್ತಿರುತ್ತಾರೆ. ಮೊದಲ ಸಲ ಓದಲು ಬಂದ ಹುಡುಗನಿಗೆ ಆ ತಗ್ಗಿದ ತಲೆಗಳು ಎಷ್ಟು ಭಾರವೆಂದು ಓದಿದವರಿಗೇ ಗೊತ್ತು.

ದೆಹಲಿಗೆ ಕನ್ನಡ ಕವಿತೆ ಹೊಸತಲ್ಲ. ಆಕಾಶವಾಣಿ 1956ರಲ್ಲಿ ಆರಂಭಿಸಿದ ಸರ್ವಭಾಷಾ ಕವಿ ಸಮ್ಮೇಳನದಲ್ಲಿ ಕನ್ನಡ ಕವಿ ತನ್ನ ಭಾಷೆಯಲ್ಲಿ ಓದಿದರೆ, ಹಿಂದಿ ಕವಿಯೊಬ್ಬರು ಅದರ ಅನುವಾದ ಓದುತ್ತಾರೆ. ಗಣರಾಜ್ಯೋತ್ಸವದ ಮುನ್ನಾದಿನ ಅದು ಬಿತ್ತರವಾಗುತ್ತದೆ. 1948ರಲ್ಲಿ ಹುಟ್ಟಿದ ದೆಹಲಿ ಕರ್ನಾಟಕ ಸಂಘವೂ ಇದೆ. ಜನಕಪುರಿಯಿಂದ ಬ್ಲೂ ಲೈನ್ ಹಿಡಿದು, ರಾಜೌರಿ ಗಾರ್ಡನ್‌ನಲ್ಲಿ ಪಿಂಕ್ ಲೈನಿಗೆ ಬದಲಾಯಿಸಿದರೆ ಸರ್ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಮೋತಿಬಾಗ್ ನಿಲ್ದಾಣ. ಸಂಘದ ಭವನ ಆ ಕಡೆಗೇ.

ಮುಂದಿನ ಯುಗಾದಿ ಕವಿಗೋಷ್ಠಿ ಎಲ್ಲೇ ನಡೆಯಲಿ, ಮೇಜು ತೆಗೆದು ಜಮಖಾನ ಹಾಸಲಿ. ಓದುವವರು ನಡುವೆ ಕೂರಲಿ, ಉಳಿದವರು ಅವರ ಎರಡೂ ಪಕ್ಕ. ಮೊದಲಿಗೆ ತ್ರಿಪದಿಯನ್ನೋ ಚೌಪದಿಯನ್ನೋ ಬರೆಯುವವರನ್ನು ಕರೆಯಲಿ, ಅವರ ಸಾಲು ಎತ್ತುವುದು ಸುಲಭ. ಮೊದಲ ಬಾರಿಗೆ ಓದುವವರ ಪಕ್ಕದಲ್ಲಿ ಅಂದಿನ ಅತ್ಯಂತ ಹಿರಿಯ ಕವಿಯನ್ನೇ ಕೂರಿಸಲಿ. ಎಲ್ಲರ ಹಾಳೆಗಳನ್ನೂ ನಿರೂಪಕರು ಮೊದಲೇ ಇಸಿದುಕೊಂಡು, ಸರದಿ ಬಂದಾಗ ಒಂದೊಂದಾಗಿ ಕೈಗೆ ಕೊಡಲಿ.