ಸಮವಸ್ತ್ರ ಕಳಚಿದ ಮೇಲೆ

ಯುದ್ಧಸಾಹಿತ್ಯವೆಂದೊಡನೆ ಓದುಗನ ಮನಸ್ಸು ಹೋಮರನತ್ತಲೋ ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯತ್ತಲೋ ಹರಿಯುತ್ತದೆ. ಅಲ್ಲಿ ಹೆಣ್ಣು ಕಾಯುವವಳು, ಅಳುವವಳು, ಇಲ್ಲವೇ ಕಲಹಕ್ಕೆ ಕಾರಣಳಾದವಳು. ಅವಳೇ ಕಾದಾಡಿದಾಗ ಆ ಕಥೆಯನ್ನು ಯಾವ ರೂಪದಲ್ಲಿ ಹೇಳಬೇಕು? ಬೆಲರೂಸಿನ ಸ್ವೆತ್ಲಾನಾ ಅಲೆಕ್ಸಿಯೇವಿಚ್ ಅವರ ಗ್ರಂಥವೊಂದನ್ನು ಓದುವಾಗ ನನ್ನನ್ನು ಕಾಡಿದ ಪ್ರಶ್ನೆಯಿದು. 1985ರಲ್ಲಿ ಪುಸ್ತಕವಾಗಿ ಹೊರಬಂದ ಅದರ ರಷ್ಯನ್ ಹೆಸರನ್ನು ‘ಯುದ್ಧದ ಮುಖ ಹೆಣ್ಣಿನದಲ್ಲ’ ಎಂದು ಕನ್ನಡಿಸಬಹುದು.

ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಸೇನೆ ಸೇರಿದ ಹೆಂಗಸರು ಸುಮಾರು 8 ಲಕ್ಷ. ದಾದಿಯರಷ್ಟೇ ಅಲ್ಲ, ಬಂದೂಕು ಹಿಡಿದವರು, ವಿಮಾನ ಹಾರಿಸಿದವರು, ಟ್ಯಾಂಕ್ ಓಡಿಸಿದವರೂ ಅವರಲ್ಲಿದ್ದರು. ಇಂತಹ ಹಲವು ಕೆಲಸಗಳಿಗೆ ರಷ್ಯನ್ ಭಾಷೆಯಲ್ಲಿ ಅದುವರೆಗೆ ಸ್ತ್ರೀಲಿಂಗದ ರೂಪವೇ ಇರಲಿಲ್ಲವಂತೆ. ‘ಯೋಧ’ ಶಬ್ದಕ್ಕೆ ಸ್ತ್ರೀಲಿಂಗ ಹುಡುಕಹೊರಟರೆ ನಾವೂ ತಡವರಿಸುತ್ತೇವೆ. ‘ವೀರಮಾತೆ’, ‘ವೀರಪತ್ನಿ’ಯರಿಗೆ ಮಾತ್ರ ನಮ್ಮಲ್ಲಿ ಕೊರತೆಯಿಲ್ಲ.

ಯುದ್ಧ ಮುಗಿಯಿತು. ಗಂಡಸರು ಪದಕ ಧರಿಸಿ ಮೆರೆದರು. ಹೆಂಗಸರಲ್ಲಿ ಅನೇಕರು ತಮ್ಮ ಪದಕಗಳನ್ನು ಬಚ್ಚಿಟ್ಟರು. ರಣರಂಗದಿಂದ ಮರಳಿದವಳ ನಡತೆಯನ್ನು ನೆರೆಹೊರೆ ಶಂಕಿಸುತ್ತಿತ್ತು. ಮೂರು ದಶಕಗಳು ಕಳೆದ ಮೇಲೆ ಅಲೆಕ್ಸಿಯೇವಿಚ್ ಧ್ವನಿಮುದ್ರಣ ಯಂತ್ರದೊಡನೆ ಅವರ ಬಾಗಿಲು ತಟ್ಟಿದರು. ಒಬ್ಬಾಕೆಗೆ ಗಂಡನು ಹಿಂದಿನ ರಾತ್ರಿಯೆಲ್ಲ ಕುಳಿತು ಯುದ್ಧದ ಇತಿಹಾಸವನ್ನು ಪಾಠ ಹೇಳಿಕೊಟ್ಟಿದ್ದನಂತೆ, ಕ್ಷುಲ್ಲಕ ವಿಷಯಗಳು ಆಕೆಯ ಬಾಯಿಗೆ ಬಾರದಿರಲೆಂದು! ಆ ಕ್ಷುಲ್ಲಕಗಳೇ ಈ ಗ್ರಂಥದ ಜೀವಾಳ: ಕಾಲಿಗೆ ಹೊಂದದ ಗಂಡಸರ ಬೂಟು, ಸೇನೆ ಸೇರಿದ ದಿನ ಕತ್ತರಿಸಿಹೋದ ಜಡೆ, ಬೆನ್ನ ಮೇಲೆ ಹೊತ್ತು ತಂದ ಗಾಯಾಳುವಿನ ಭಾರ, ರಕ್ತದ ವಾಸನೆ.

ಇದನ್ನು ಕಾದಂಬರಿಯಾಗಿ ಬರೆಯಬಹುದಿತ್ತು. ಬರೆದಿದ್ದರೆ ಒಬ್ಬ ನಾಯಕಿ, ಒಂದು ಪ್ರೇಮ, ಕೊನೆಗೊಂದು ವಿಜಯ ಬೇಕಾಗುತ್ತಿತ್ತು. ಗಂಡಸಿನ ಸಮವಸ್ತ್ರವನ್ನೇ ಹೆಣ್ಣಿಗೆ ಎರಡನೆಯ ಸಲ ತೊಡಿಸಿದಂತಾಗುತ್ತಿತ್ತು. ಆಕೆ ನೂರಾರು ದನಿಗಳನ್ನು ಒಂದರ ಪಕ್ಕದಲ್ಲೊಂದು ಇರಿಸಿದರು. ಮಾರ್ಗ ಪೂರ್ತಿ ಹೊಸದಲ್ಲ. ನಾಜಿಗಳು ಸುಟ್ಟ ಹಳ್ಳಿಗಳಲ್ಲಿ ಬದುಕುಳಿದವರ ಮಾತುಗಳನ್ನು ಅಲೆಸ್ ಆದಮೋವಿಚ್ ಮತ್ತು ಸಂಗಡಿಗರು 1970ರ ದಶಕದಲ್ಲೇ ಹೀಗೆ ಸಂಗ್ರಹಿಸಿದ್ದರು. ಆ ಋಣವನ್ನು ಆಕೆ ಒಪ್ಪಿಕೊಂಡಿದ್ದಾರೆ.

ಇದು ಪತ್ರಿಕಾವರದಿಯೇ ಹೊರತು ಸಾಹಿತ್ಯವಲ್ಲ ಎಂದವರುಂಟು, 2015ರಲ್ಲಿ ನೊಬೆಲ್ ಪಾರಿತೋಷಕ ಬಂದ ಮೇಲೂ. ನನಗೆ ಹಾಗೆ ತೋರದು. ಯಾವ ಮಾತಿನ ಪಕ್ಕದಲ್ಲಿ ಯಾವುದನ್ನಿಡಬೇಕು, ಎಲ್ಲಿ ತಡೆಯಬೇಕು ಎಂಬಲ್ಲಿ ಕವಿಗೆ ಬೇಕಾದ ವಿವೇಕವೇ ದುಡಿದಿದೆ. ಆದರೂ ಒಂದು ಅಳುಕುಂಟು: ಹಲವು ದನಿಗಳು ಒಂದೇ ಶ್ರುತಿಯಲ್ಲಿ ಕೇಳಿಸುತ್ತವೆ, ಲೇಖಕಿಯ ಕೈ ಎಲ್ಲೆಲ್ಲಿ ಆಡಿದೆಯೆಂದು ತಿಳಿಯುವುದು ಕಷ್ಟ. ಪರಿಷ್ಕೃತ ಆವೃತ್ತಿಯಲ್ಲಿ ಆಕೆ ಸೆನ್ಸಾರ್ ಅಧಿಕಾರಿ ಕತ್ತರಿಸಿದ್ದನ್ನು ಸೇರಿಸಿದ್ದಲ್ಲದೆ, ತಾವೇ ಹಿಂದೆ ಕೈಬಿಟ್ಟಿದ್ದನ್ನೂ ಬೇರೆಯಾಗಿ ಮುದ್ರಿಸಿದ್ದಾರೆ. ವಿದ್ಯಾರ್ಥಿಗಳು ಮೊದಲು ಆ ಪುಟಗಳನ್ನು ಓದಲಿ.