ಮಣೆ ಮತ್ತು ಮರದ ಸ್ವಭಾವ

ಬಾಚಿಕಾಯಕದ ಬಸವಯ್ಯನವರು 12ನೆಯ ಶತಮಾನದ ವಚನಕಾರರು. ಬಡಿಗತನವೇ ಅವರ ಕಾಯಕ. ಆ ಕಾಯಕವನ್ನು ಬಿಡುವಿನ ಹವ್ಯಾಸವಾಗಿ ಕೈಗೊಳ್ಳುವ ಗೃಹಸ್ಥನಿಗೆ ಊಟದ ಮಣೆಯೇ ಮೊದಲ ಪಾಠವಾಗಲಿ. ಸಣ್ಣ ವಸ್ತುವೆಂಬ ಉಪೇಕ್ಷೆ ಸಲ್ಲದು. ನಂದಗಡದಂತಹ ಮಳೆಯ ಸೀಮೆಯಲ್ಲಿ ಹಲಗೆಯು ಮಳೆಗಾಲದಲ್ಲಿ ತೇವವನ್ನು ಹೀರಿ ಅಗಲಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪ. ಕೆಳಗಿನ ಅಡ್ಡಪಟ್ಟಿಗಳನ್ನು ಮೊಳೆ ಜಡಿದು ಬಿಗಿದರೆ, ಸರಿಯಲು ಎಡೆಯಿಲ್ಲದೆ ಹಲಗೆ ಸೀಳುತ್ತದೆ. ಆದುದರಿಂದ ಸಾಗವಾನಿಯಾಗಲಿ ಹಲಸಾಗಲಿ, ಹಲಗೆಗಳ ನಡುವೆ ತೆಳುಪಟ್ಟಿಗಳನ್ನಿಟ್ಟು ಪೇರಿಸಿ ನೆರಳಿನಲ್ಲಿ ಒಣಗಿಸಬೇಕು. ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ರೂಢಿಯ ಲೆಕ್ಕ. ಅವಸರದವರಿಗೆ ಈ ಹವ್ಯಾಸವಲ್ಲ. ಅನಂತರ ಹಲಗೆಯ ಕೆಳಮೈಯಲ್ಲಿ ಬಾಯಿ ಕಿರಿದಾಗಿ ತಳ ಅಗಲವಾಗಿರುವಂತೆ ಅಡ್ಡಲಾಗಿ ತೋಡು ಕೊರೆದು, ಅದೇ ಆಕಾರದ ಪಟ್ಟಿಯನ್ನು ಪಕ್ಕದಿಂದ ಜಾರಿಸಿ ಕೂಡಿಸಬೇಕು. ಮೊಳೆಯೂ ಬೇಡ, ಅಂಟೂ ಬೇಡ.